ಮೂಡುಬಿದಿರೆಯ ಸೂರಿನ ಕೆಳಗೆ ತಿದ್ದಿದ ಪ್ರಬಂಧ

ಕಳೆದ ಮಳೆಗಾಲದಲ್ಲಿ ನಾನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ಮೂರು ದಿನ ಕುಳಿತು, ಮಾಡಿನ, ಎಂದರೆ ಛಾವಣಿಯ, ನೀರು ಎಲ್ಲಿಂದ ಹೊರಟು ಎಲ್ಲಿ ಬೀಳುತ್ತದೆ ಎಂಬುದೊಂದನ್ನೇ ನೋಡುತ್ತಿದ್ದೆ. ಕರಾವಳಿಯ ಬಸದಿ ಮತ್ತು ದೇವಸ್ಥಾನಗಳ ಕಲ್ಲಿನ ಇಳಿಜಾರು ಮಾಡುಗಳ ಬಗ್ಗೆ ಒಂದು ಸಂಶೋಧನ ಪ್ರಬಂಧವನ್ನು ಬರೆಯಲು ಹೊರಟಿದ್ದೆ. ಅದರ ಮೊದಲ ಕರಡು ಬೇಸಿಗೆಯಲ್ಲಿಯೇ ಮುಗಿದಿತ್ತು. ಮುಗಿದ ಕರಡನ್ನು ಚೀಲದಲ್ಲಿಟ್ಟುಕೊಂಡು ಮಳೆ ನೋಡಲು ಹೋದದ್ದರಿಂದ ಆ ಕರಡು ಉಳಿಯಲಿಲ್ಲ. ಅಲ್ಲಿಂದ ಬಂದು ಬರೆದ ಎರಡನೆಯದೂ ಉಳಿಯಲಿಲ್ಲ. ಮೂರನೆಯದನ್ನು ಈ ತಿಂಗಳು ಕಳುಹಿಸಿದ್ದೇನೆ. ಈ ಮೂರರ ನಡುವೆ ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಏಕೆಂದರೆ ಓದಿದ್ದನ್ನೂ ಕಣ್ಣಾರೆ ಕಂಡದ್ದನ್ನೂ ಒಂದೇ ಬರಹದಲ್ಲಿ ಹೇಗೆ ಕೂಡಿಸಬೇಕು ಎಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ, ನಾನು ಈವರೆಗೆ ಕೊಡುತ್ತಿದ್ದ ಉತ್ತರ ಸಾಲದು ಎಂಬುದು ನನಗೆ ಈಗ ಗೊತ್ತಾಗಿದೆ.

ತ್ರಿಭುವನ ತಿಲಕ ಚೂಡಾಮಣಿ ಎಂಬ ಹೆಸರಿನ ಈ ಚಂದ್ರನಾಥ ಬಸದಿಯನ್ನು ಕಟ್ಟಿಸಿದ್ದು 1430ರಲ್ಲಿ. ಮುಂದಿನ ದಶಕಗಳಲ್ಲಿ ಮಂಟಪಗಳೂ, ಅಂಗಳದಲ್ಲಿ ಒಂಟಿಯಾಗಿ ನಿಲ್ಲುವ ಎತ್ತರದ ಕಲ್ಲುಗಂಬವಾದ ಮಾನಸ್ತಂಭವೂ ಸೇರಿದವು. ಕೆಳಗಿನ ಅಂತಸ್ತು ಪೂರ್ತಿ ಕಗ್ಗಲ್ಲು. ಮೇಲಿನ ಅಂತಸ್ತುಗಳಲ್ಲಿ ಮರದ ಕೆಲಸ, ಅದರ ಮೇಲೆ ತಾಮ್ರದ ಹೊದಿಕೆ. ಘಟ್ಟದ ಮೇಲಿನ ಗುಡಿಗಳನ್ನು ನೋಡಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಇಲ್ಲಿ ಶಿಖರವಿಲ್ಲ ಎಂಬುದು. ಶಿಖರವಿರಬೇಕಾದಲ್ಲಿ ನಮ್ಮ ಮನೆಗಳ ಮೇಲಿರುವಂಥ ಇಳಿಜಾರು ಮಾಡು ಇದೆ, ಅದು ಒಂದರ ಮೇಲೊಂದಾಗಿ ಏರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿನ, ಜಗಲಿಯ ಸುತ್ತ ಹೊರಚಾಚಿದ ಸೂರು ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳನ್ನು ಓರೆಯಾಗಿ ಕೂರಿಸಿ ಮಾಡಿದ್ದು. ನನ್ನ ಪ್ರಬಂಧದ ವಿಷಯ ಆ ಕಲ್ಲಿನ ಸೂರು.

ಇದರ ಬಗ್ಗೆ ಬರೆಯುವವರು ಜೇಮ್ಸ್ ಫರ್ಗುಸನ್‌ನಿಂದ ಆರಂಭಿಸದೆ ವಿಧಿಯಿಲ್ಲ. ಭಾರತೀಯ ಮತ್ತು ಪೌರಸ್ತ್ಯ ವಾಸ್ತುಶಿಲ್ಪದ ಇತಿಹಾಸವನ್ನು ಹೇಳುವ ಆತನ ದೊಡ್ಡ ಗ್ರಂಥ ಪ್ರಕಟವಾದದ್ದು 1876ರಲ್ಲಿ. ಘಟ್ಟವಿಳಿದು ತುಳುನಾಡಿಗೆ ಬಂದರೆ ಕಾಣುವ ಈ ಕಟ್ಟಡಗಳು ಉತ್ತರದ ಶೈಲಿಗೂ ಸೇರುವುದಿಲ್ಲ, ದ್ರಾವಿಡ ಶೈಲಿಗೂ ಸೇರುವುದಿಲ್ಲ, ಇವುಗಳಿಗೆ ಹೋಲಿಕೆ ಇರುವುದು ನೇಪಾಳದಲ್ಲಿ ಮಾತ್ರ ಎಂಬುದು ಆತನ ಅಭಿಪ್ರಾಯ. ಜಗಲಿಯ ಮೇಲಿನ ಸೂರಿನ ಓರೆ, ಜೈನ ಗುರುಗಳ ಅಂತಸ್ತು ಅಂತಸ್ತಾದ ಸಮಾಧಿಗಳು, ಇವೆಲ್ಲವನ್ನೂ ಆತ ಅದೇ ವಾದಕ್ಕೆ ಸೇರಿಸಿದ. ಆ ಪುಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. ನೇಪಾಳಕ್ಕೂ ಕನ್ನಡ ಜಿಲ್ಲೆಗೂ ಯಾವಾಗ, ಹೇಗೆ ಸಂಬಂಧ ಬಂದಿತೆಂದು ಊಹಿಸುವುದೂ ತನಗೆ ಸಾಧ್ಯವಿಲ್ಲ, ಆದರೂ ಸಂಬಂಧವಿತ್ತೆಂಬುದರಲ್ಲಿ ಸಂಶಯವಿಲ್ಲ ಎಂದು ಆತ ಬರೆದಿದ್ದಾನೆ. ಅಷ್ಟೇ ಅಲ್ಲ, ಇಲ್ಲಿಯ ಕಂಬಗಳು ಮೂಲೆ ಕೆತ್ತಿದ ಮರದ ದಿಮ್ಮಿಗಳಂತಿವೆ, ಮಾಡು ಸ್ಪಷ್ಟವಾಗಿ ಮರದ ಮಾಡಿನ ರೂಪದ್ದು, ಆದ್ದರಿಂದ ಈ ಶೈಲಿ ಮರದ ಮೂಲದಿಂದ ಬಹಳ ದೂರ ಬಂದಿರಲಾರದು ಎಂದು ಗುರುತಿಸಿದವನೂ ಆತನೇ. ಉತ್ತರದ ಅರ್ಧವನ್ನು ತಾನೇ ಬರೆದು, ಅದನ್ನು ಬಿಟ್ಟು ನೇಪಾಳದ ಕಡೆಗೆ ಹೋದ. ಮೂಡುಬಿದಿರೆಯ ಬಸದಿಯ ಚಿತ್ರವನ್ನು ಆತನ ಗ್ರಂಥದಲ್ಲಿ ಕೊರೆದಿರುವುದು ಛಾಯಾಚಿತ್ರವೊಂದನ್ನು ನೋಡಿ ಎಂಬುದನ್ನು ಮರೆಯಬಾರದು. ಛಾಯಾಚಿತ್ರದಲ್ಲಿ ಸೂರಿನ ಓರೆ ಕಾಣುತ್ತದೆ, ಸೂರನ್ನು ಹೊತ್ತದ್ದು ಯಾವುದು ಎಂಬುದು ಸರಿಯಾಗಿ ಕಾಣುವುದಿಲ್ಲ. ಕಾಠ್ಮಂಡು ಕಣಿವೆಯ ದೇಗುಲಗಳಲ್ಲಿ ಇಟ್ಟಿಗೆಯ ಗೋಡೆಯಿಂದ ಓರೆಯಾಗಿ ಹೊರಟ ಮರದ ಊರೆಗಂಬಗಳು ಅಗಲವಾದ ಸೂರನ್ನು ಎತ್ತಿ ಹಿಡಿಯುತ್ತವೆ. ಮೂಡುಬಿದಿರೆಯ ಜಗಲಿಯಲ್ಲಿ ಹೊರಸಾಲಿನ ಕಲ್ಲುಗಂಬಗಳೂ ಅವುಗಳ ಮೇಲಿನ ತೊಲೆಗಳೂ ಭಾರ ಹೊರುತ್ತವೆ. ದೂರದಿಂದ ನೋಡಿದರೆ ಎರಡೂ ಒಂದೇ. ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಬೇರೆ ಬೇರೆ.

ಆಮೇಲೆ ಬರೆದವರು ನೇಪಾಳವನ್ನು ಕೈಬಿಟ್ಟು ಮಳೆ ಮತ್ತು ಮರವನ್ನು ಕಾರಣವಾಗಿ ಹೇಳುತ್ತ ಬಂದರು. ಕೇರಳದ ದೇವಾಲಯಗಳ ಬಗ್ಗೆ ಎಚ್. ಸರ್ಕಾರ್ ಅವರು ಮಾಡಿದ ಸಮೀಕ್ಷೆ 1978ರಲ್ಲಿ ಹೊರಬಂದಿತು, ಪಿ. ಗುರುರಾಜ ಭಟ್ಟರು ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿಯ ಬಗ್ಗೆ ಊರೂರು ತಿರುಗಿ ಬರೆದ ಗ್ರಂಥ 1975ರದು. ಇಬ್ಬರೂ ನನ್ನ ಮೇಜಿನ ಮೇಲೆ ಇಡೀ ಬೇಸಿಗೆ ತೆರೆದೇ ಇದ್ದರು. ಭಟ್ಟರ ಗ್ರಂಥವನ್ನು ಓದುವಾಗ, ಕಾಲಲ್ಲಿ ನಡೆದು ನೋಡಿದವರ ಬರವಣಿಗೆಗೆ ಬರುವ ಭಾರ ಎಂಥದು ಎಂಬುದು ಪುಟಪುಟದಲ್ಲಿ ತಿಳಿಯುತ್ತದೆ. ಮೂಡುಬಿದಿರೆಯ ಶಾಸನಗಳು ದಕ್ಷಿಣ ಭಾರತ ಶಾಸನಗಳ 7ನೆಯ ಸಂಪುಟದಲ್ಲಿ ಅಚ್ಚಾಗಿವೆ. ಯಾವ ರಾಜನ ಕಾಲ, ಯಾರು ದಾನ ಕೊಟ್ಟರು, ಯಾವ ಗದ್ದೆ, ಎಷ್ಟು ಅಕ್ಕಿ, ಯಾವ ಪೂಜೆಗೆ ಎಂಬುದನ್ನೆಲ್ಲ ಅವು ಹೇಳುತ್ತವೆ. ಮಾಡನ್ನು ಏಕೆ ಓರೆ ಮಾಡಿದೆವು ಎಂದು ನಾನು ಓದಿದ ಯಾವ ಶಾಸನವೂ ಹೇಳುವುದಿಲ್ಲ. ಅದನ್ನು ಕೆತ್ತಿಸಿದವರಿಗೆ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ.

ಹೀಗೆ ಮುಗಿದ ಮೊದಲ ಕರಡನ್ನು ಅಚ್ಚು ಹಾಕಿಸಿ, ಕೆಂಪು ಪೆನ್ಸಿಲ್ ಹಿಡಿದು ಓದಲು ಕುಳಿತೆ. ನಾನು ಕರಡುಗಳನ್ನು ಕನ್ನಡದಲ್ಲಿ ಬರೆದು ಕೊನೆಗೆ ಇಂಗ್ಲಿಷಿಗೆ ತರುತ್ತೇನೆ; ಇದರಿಂದ ಕೆಲಸ ದುಪ್ಪಟ್ಟಾಗುತ್ತದೆ, ಆದರೆ ನನ್ನ ಯೋಚನೆಯ ಬಿರುಕುಗಳು ನನಗೆ ಕಾಣುವುದು ಕನ್ನಡದಲ್ಲಿ. ಪ್ರತಿ ವಾಕ್ಯದ ಮುಂದೆ ಇದನ್ನು ಬಲ್ಲವರು ಯಾರು ಎಂದು ಬರೆಯುತ್ತ ಹೋದೆ. ಫರ್ಗುಸನ್, ಸರ್ಕಾರ್, ಭಟ್ಟರು, ಶಾಸನ, ಹೀಗೆ ಸಾಗಿ, ಇಡೀ ಪ್ರಬಂಧದ ಜೀವವಾಗಿದ್ದ ವಾಕ್ಯಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ‘ಕರಾವಳಿಯ ಭಾರಿ ಮಳೆಯನ್ನು ತಡೆಯುವ ಸಲುವಾಗಿ ಈ ಮಾಡುಗಳನ್ನು ಇಳಿಜಾರಾಗಿ ನಿರ್ಮಿಸಲಾಯಿತು ಎನ್ನಲಾಗಿದೆ’ ಎಂದು ಬರೆದಿದ್ದೆ. ಯಾರು ಎಂದರು? ಮಾತಿನಲ್ಲಾದರೆ ನಾವು ಕೇಳಿದ ಸುದ್ದಿಗೆ ‘ಅಂತೆ’ ಸೇರಿಸುತ್ತೇವೆ. ಹೇಳುವವನು ಕಂಡಿಲ್ಲ, ಕೇಳಿದ್ದಾನೆ ಎಂಬುದು ಆ ಎರಡಕ್ಷರದಲ್ಲಿಯೇ ಗೊತ್ತಾಗುತ್ತದೆ. ಬರವಣಿಗೆಗೆ ಬಂದೊಡನೆ ಆ ಪ್ರಾಮಾಣಿಕ ‘ಅಂತೆ’ಯನ್ನು ಕಳೆದು ‘ಎನ್ನಲಾಗಿದೆ’ ಎಂದು ಬರೆಯುತ್ತೇವೆ, ಅದರ ಹಿಂದೆ ಯಾರೂ ಇರುವುದಿಲ್ಲ. ನನ್ನ ಪ್ರಬಂಧದಲ್ಲಿ ಅಂಥ ‘ಲಾಗಿದೆ’ಗಳು ಹನ್ನೊಂದು ಇದ್ದವು. ಅವುಗಳಲ್ಲಿ ಏಳು ಮಳೆಗೆ ಸಂಬಂಧಿಸಿದವು. ಮಳೆಯ ಬಗ್ಗೆ ಬರೆದ ನಾನು ಆ ಕಟ್ಟಡವನ್ನು ಮಳೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹಿಂದೆ ಹೋದದ್ದೆಲ್ಲ ಡಿಸೆಂಬರ್, ಜನವರಿಯಲ್ಲಿ, ಫೋಟೋಗೆ ಒಳ್ಳೆಯ ಬಿಸಿಲಿರುವಾಗ.

ಜುಲೈಯಲ್ಲಿ ಹೋದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಜುಲೈ ಎಂದರೆ ಮಾತಿಗಿಂತ ಮಳೆಯ ಸದ್ದೇ ಹೆಚ್ಚು. ಸಂಶೋಧನೆಗೆಂದು ಹೋದಾಗ ನೋಟ್‌ಪುಸ್ತಕದ ಎಡಪುಟದಲ್ಲಿ ಕಂಡದ್ದನ್ನು ಮಾತ್ರ, ಬಲಪುಟದಲ್ಲಿ ಓದಿದ್ದನ್ನು ಮಾತ್ರ ಬರೆಯುವುದು ನನ್ನ ರೂಢಿ. ಈ ಬಾರಿ ಬಲಪುಟವನ್ನು ಮೂರು ದಿನ ಮುಟ್ಟಬಾರದೆಂದು ನಿಶ್ಚಯಿಸಿಕೊಂಡೆ. ಓದಿದ್ದು ತಲೆಯಲ್ಲಿ ತುಂಬಿರುವಾಗ ಕಣ್ಣು ಅದಕ್ಕೆ ಸಾಕ್ಷಿ ಹುಡುಕುತ್ತದೆಯೇ ಹೊರತು ಎದುರಿಗಿರುವುದನ್ನು ನೋಡುವುದಿಲ್ಲ.

ಮೊದಲ ದಿನದ ಎಡಪುಟದಲ್ಲಿ ಇರುವುದು ಒಂದು ಗೆರೆಯ ವಿವರ. ಸೂರಿನ ಅಂಚಿನಿಂದ ನೀರು ಪರದೆಯಂತೆ ಇಳಿಯುತ್ತಿತ್ತು. ಗಾಳಿ ಇಲ್ಲದಾಗ ಅದು ನೆಲಗಟ್ಟಿನಿಂದ ಆಚೆಗೆ, ಅಂಗಳದ ಹಾಸುಗಲ್ಲಿನ ಮೇಲೆ ನೇರವಾಗಿ ಬೀಳುತ್ತಿತ್ತು. ಬಿದ್ದಲ್ಲಿಂದ ಚಿಮ್ಮಿದ ಹನಿಗಳು ಕಟ್ಟಡದ ಪೀಠವಾದ ಅಧಿಷ್ಠಾನದ ಕೆಳಪಟ್ಟಿಯನ್ನು ತೋಯಿಸಿ ಅಲ್ಲಿಗೇ ನಿಲ್ಲುತ್ತಿದ್ದವು. ಪಶ್ಚಿಮದ ಗಾಳಿ ಬೀಸಿದಾಗ ಪರದೆ ಒಳಕ್ಕೆ ವಾಲಿ, ಹೊರಸಾಲಿನ ಕಂಬಗಳ ಬುಡದವರೆಗೆ ಜಗಲಿ ಒದ್ದೆಯಾಗುತ್ತಿತ್ತು. ಒದ್ದೆಗೂ ಒಣಗಿದ್ದಕ್ಕೂ ನಡುವಿನ ಗೆರೆ ಗಾಳಿಯೊಂದಿಗೆ ಹಿಂದೆಮುಂದೆ ಸರಿಯುತ್ತಿತ್ತು. ನಾನು ನೋಡಿದ ಮೂರು ದಿನಗಳಲ್ಲಿ ಒಮ್ಮೆಯೂ ಅದು ಒಳಸಾಲಿನ ಕಂಬಗಳನ್ನು ದಾಟಲಿಲ್ಲ. ಅದೇ ಜಗಲಿಯಲ್ಲಿ, ಆ ಗೆರೆಯ ಒಳಬದಿಯಲ್ಲಿ, ಬೆಳಗ್ಗೆ ದರ್ಶನಕ್ಕೆ ಬಂದ ಮನೆಯವರೊಬ್ಬರು ಕೊಡೆ ಮಡಚಿಟ್ಟು ಪ್ರದಕ್ಷಿಣೆ ಬಂದರು. ಸೂರಿನ ಚಪ್ಪಡಿಗಳ ಮೇಲ್ಮೈ ಹಾವಸೆಯಿಂದ ಕಪ್ಪಾಗಿತ್ತು, ಅಡಿಮೈ ಬೂದುಬಣ್ಣದಲ್ಲಿಯೇ ಉಳಿದಿತ್ತು. ಎರಡು ಚಪ್ಪಡಿಗಳ ಸಂದಿಯಲ್ಲಿ ಮಾತ್ರ ಅಡಿಯಲ್ಲೂ ಒಂದು ತೆಳು ಕಪ್ಪುಗೆರೆ ಕಾಣುತ್ತಿತ್ತು.

ಪೂಜೆ ಮುಗಿಸಿ ಬಂದ ಇಂದ್ರರು (ಬಸದಿಯ ಅರ್ಚಕರನ್ನು ಹೀಗೆ ಕರೆಯುತ್ತಾರೆ) ನಾನು ಟೇಪು ಹಿಡಿದು ಕುಳಿತದ್ದನ್ನು ನೋಡಿ ಹತ್ತಿರ ಬಂದರು. ಆ ಕಪ್ಪುಗೆರೆಯನ್ನು ತೋರಿಸಿ, ಅಲ್ಲಿ ಸೋರುತ್ತದೆಯೇ ಎಂದು ಕೇಳಿದೆ. “ಸೋರುವುದು ಅಂತ ಹೇಳುವ ಹಾಗಿಲ್ಲ ಮಾರಾಯ್ರೆ, ಬೆವರ್ತದೆ,” ಎಂದರು. “ಶುರುವಿನ ಮಳೆಗೆ ಹನಿ ಬೀಳ್ತದೆ, ಮತ್ತೆ ನಿಲ್ತದೆ. ಹಾವಸೆ ಹಿಡೀಬೇಕಲ್ಲ.” ಅವರು ಹೇಳಿದ್ದನ್ನು ಎಡಪುಟದಲ್ಲಿಯೇ ಬರೆದುಕೊಂಡೆ, ಆದರೆ ಮುಂದೆ ‘ಇಂದ್ರರು ಹೇಳಿದ್ದು, ನಾನು ಕಂಡದ್ದಲ್ಲ’ ಎಂದು ಸೇರಿಸಿದೆ. ವರ್ಷವರ್ಷವೂ ಅದೇ ಸೂರಿನ ಕೆಳಗೆ ಓಡಾಡುವವರ ಮಾತಿಗೆ ಮೂರು ದಿನ ಕುಳಿತವಳ ಕಣ್ಣಿಗಿಂತ ಹೆಚ್ಚು ಬೆಲೆ ಇದೆ. ಆದರೂ ಅದು ಬೇರೆ ಬಗೆಯ ಸಾಕ್ಷಿ, ಬೇರೆಯಾಗಿಯೇ ನಿಲ್ಲಬೇಕು.

ಊರಿಗೆ ಮರಳಿ ಎರಡನೆಯ ಕರಡನ್ನು ಒಂದೇ ವಾರದಲ್ಲಿ ಬರೆದೆ. ಅಷ್ಟು ಉತ್ಸಾಹದಲ್ಲಿ ನಾನು ಯಾವುದನ್ನೂ ಬರೆದಿರಲಿಲ್ಲ. ಹನ್ನೊಂದು ‘ಲಾಗಿದೆ’ಗಳೂ ಹೋಗಿ, ಅವುಗಳ ಜಾಗದಲ್ಲಿ ನನ್ನ ಗೆರೆ, ನನ್ನ ಗಾಳಿ, ನನ್ನ ಹಾವಸೆ ಬಂದು ಕುಳಿತವು. ಮಳೆಯೇ ಈ ಮಾಡಿನ ಶಿಲ್ಪಿ ಎಂಬ ಅರ್ಥದ ವಾಕ್ಯವೊಂದನ್ನು ಬರೆದು ಸಂತೋಷಪಟ್ಟೆ. ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ, ಬಾಗಲಕೋಟೆ ಕಡೆಯ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಟ್ಟೆ. ಮರುದಿನ ಅವರು ಕರಡನ್ನು ಹಿಂದಿರುಗಿಸುತ್ತ ಕೇಳಿದ್ದು ಒಂದೇ ಪ್ರಶ್ನೆ: “ಛಲೋ ಐತ್ರಿ ಮೇಡಂ. ಆದ್ರ ನಮ್ಮ ಐಹೊಳಿ ಲಾಡ್‌ಖಾನ್ ಗುಡಿ ಮ್ಯಾಲೆ ಯಾವ ಮಳಿ ಬಿದ್ದಿತ್ರಿ?”

ಐಹೊಳೆಯ ಲಾಡ್‌ಖಾನ್ ಗುಡಿಯನ್ನು ನಾನು ಹಲವು ಸಲ ನೋಡಿದ್ದೇನೆ, ವಿದ್ಯಾರ್ಥಿಗಳನ್ನು ಕರೆದುಕೊಂಡೂ ಹೋಗಿದ್ದೇನೆ. ಅದರ ಮಂಟಪದ ಮಾಡು ಓರೆಯಾಗಿ ಕೂರಿಸಿದ ಕಲ್ಲು ಚಪ್ಪಡಿಗಳದು. ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ, ಮರದ ಗಳು ಇಟ್ಟಂತೆ, ಉದ್ದನೆಯ ಕಿರಿದಾದ ಕಲ್ಲಿನ ಪಟ್ಟಿಗಳನ್ನು ಮುಚ್ಚಿದ್ದಾರೆ. ಹತ್ತಿರದ ಕೊಂತಿಗುಡಿಯ ಮಾಡೂ ಅದೇ ಬಗೆಯದು. ಪುರಾತತ್ವಜ್ಞ ಹೆನ್ರಿ ಕಸೆನ್ಸ್ ಲಾಡ್‌ಖಾನ್ ಗುಡಿಯನ್ನು 5ನೆಯ ಶತಮಾನಕ್ಕೆ ಒಯ್ದಿದ್ದ. ಆಮೇಲಿನ ವಿದ್ವಾಂಸರು ಅದನ್ನು 7ನೆಯ ಶತಮಾನದ ಕೊನೆಗೆ ಅಥವಾ 8ನೆಯ ಶತಮಾನದ ಆರಂಭಕ್ಕೆ ತಂದಿದ್ದಾರೆ. ಯಾವುದನ್ನು ಒಪ್ಪಿದರೂ ಮೂಡುಬಿದಿರೆಯ ಬಸದಿಗಿಂತ ಏಳು ಶತಮಾನಗಳಷ್ಟಾದರೂ ಹಿಂದಿನದು. ಆ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಮಳೆಯೇ ಓರೆಯನ್ನು ಹುಟ್ಟಿಸುವುದಾದರೆ ಐಹೊಳೆಯಲ್ಲಿ ಅದು ಹುಟ್ಟಬಾರದಿತ್ತು.

ಆ ರಾತ್ರಿ ಎರಡನೆಯ ಕರಡನ್ನು ಮತ್ತೆ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಫರ್ಗುಸನ್ ಎರಡು ರೂಪಗಳ ಹೋಲಿಕೆಯನ್ನು ನೋಡಿ ಅವುಗಳ ನಡುವೆ ವಂಶಸಂಬಂಧವನ್ನು ಕಲ್ಪಿಸಿದ್ದ. ನಾನು ಮಾಡು ಇಂದು ಮಾಡುತ್ತಿರುವ ಕೆಲಸವನ್ನು ನೋಡಿ, ಅದನ್ನು ಕಟ್ಟಿದವರ ಉದ್ದೇಶವನ್ನು ಕಲ್ಪಿಸಿದ್ದೆ. ನಾನು ಜಗಲಿಯಲ್ಲಿ ಕುಳಿತು ನೋಡಿದ್ದು ನೀರನ್ನು, 1430ರ ಕಲ್ಲುಕುಟಿಗರ ಮನಸ್ಸನ್ನಲ್ಲ. ನೀರು ಏನು ಮಾಡುತ್ತದೆ ಎಂಬುದಕ್ಕೆ ನನ್ನ ಎಡಪುಟ ಒಳ್ಳೆಯ ಸಾಕ್ಷಿ. ಅವರು ಏನು ಬಯಸಿದ್ದರು ಎಂಬುದಕ್ಕೆ ಅದು ಸಾಕ್ಷಿಯೇ ಅಲ್ಲ, ಎಷ್ಟು ದಿನ ಕುಳಿತರೂ ಆಗುವುದಿಲ್ಲ. ಆ ಪ್ರಶ್ನೆಗೆ ಬೇರೆ ಬಗೆಯ ಆಧಾರ ಬೇಕು: ಹಳೆಯ ಕಟ್ಟಡಗಳ ಸಾಲು, ಮರದ ಕೆಲಸದ ಪದ್ಧತಿ, ಒಂದು ರೂಪ ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಎಂಬ ಹೋಲಿಕೆ. ಅದು ಬಲಪುಟದ ಕೆಲಸ. ಮೊದಲ ಕರಡಿನಲ್ಲಿ ಬಲಪುಟ ಎಡಪುಟವನ್ನು ನುಂಗಿತ್ತು, ಎರಡನೆಯದರಲ್ಲಿ ಎಡಪುಟ ಬಲಪುಟವನ್ನು ನುಂಗಿತು.

ಹೀಗೆ ಬೇರ್ಪಡಿಸಿ ನೋಡತೊಡಗಿದ ಮೇಲೆ, ಕಂಡದ್ದರಲ್ಲಿಯೇ ನಾನು ಗಮನಿಸದೆ ಬಿಟ್ಟ ಒಂದು ಸಂಗತಿ ಮೇಲೆ ಬಂದಿತು. ಕರಾವಳಿಯ ಮನೆಗಳಿಗೆ ಉದ್ದನೆಯ ಸೂರು ಏಕೆ ಬೇಕು ಎಂಬುದು ಎಲ್ಲರಿಗೂ ಗೊತ್ತು. ಮಣ್ಣಿನ ಗೋಡೆ ನೀರಿಗೆ ಕರಗುತ್ತದೆ, ಮುರಕಲ್ಲು ನೀರು ಕುಡಿಯುತ್ತದೆ, ಹಲಸಿನ ಕಂಬವಾದರೂ ಬುಡದಲ್ಲಿ ಕೊಳೆಯುತ್ತದೆ. ಆದರೆ ಕಗ್ಗಲ್ಲಿಗೆ ಏನೂ ಆಗುವುದಿಲ್ಲ; ಅಂಗಳದಲ್ಲಿ ಸೂರಿಲ್ಲದೆ ನಿಂತ ಮಾನಸ್ತಂಭ ಆರು ಶತಮಾನಗಳ ಮಳೆಗೆ ಮೈಯೊಡ್ಡಿದೆ. ಹಾಗಾದರೆ ಕಲ್ಲಿನ ಕಂಬ, ಕಲ್ಲಿನ ಗೋಡೆ ಇರುವಲ್ಲಿ ಆ ಸೂರು ಕಾಯುತ್ತಿರುವುದು ಏನನ್ನು? ಒಳಗೆ ನಡೆಯುವ ಮನುಷ್ಯರನ್ನು. ಕೊಡೆ ಮಡಚಿಟ್ಟು ಪ್ರದಕ್ಷಿಣೆ ಬಂದ ಆ ಮನೆಯವರು ನನ್ನ ಎಡಪುಟದಲ್ಲಿ ಮೊದಲಿನಿಂದಲೂ ಇದ್ದರು. ಜೈನ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸ ಬರುವುದೂ ಮಳೆಗಾಲದಲ್ಲಿಯೇ. ಇವೆರಡನ್ನೂ ಕೂಡಿಸಿ ಬಸದಿಯ ಜಗಲಿಯನ್ನು ಚಾತುರ್ಮಾಸಕ್ಕಾಗಿಯೇ ಕಟ್ಟಿದರು ಎಂದು ಬರೆಯಲು ಕೈ ತುರಿಸಿತು. ಅಂಥ ವಾಕ್ಯ ಓದುಗರಿಗೆ ಹಿಡಿಸುತ್ತದೆ, ಮುಂದಿನವರು ಅದನ್ನು ಎತ್ತಿ ಬರೆಯುತ್ತಾರೆ, ಹತ್ತು ವರ್ಷಗಳಲ್ಲಿ ಅದೂ ‘ಎನ್ನಲಾಗಿದೆ’ ಆಗುತ್ತದೆ. ಆದ್ದರಿಂದ ಪ್ರಬಂಧದಲ್ಲಿ ಅದನ್ನು ಪ್ರಶ್ನೆಯಾಗಿ ಮಾತ್ರ ಇಟ್ಟಿದ್ದೇನೆ.

ಇದೇ ಕಾರಣಕ್ಕೆ ಇನ್ನೊಂದು ಆಕರ್ಷಣೆಯನ್ನೂ ಬಿಟ್ಟೆ. ಇಲ್ಲಿಯ ಭೈರಾದೇವಿ ಮಂಟಪದ ಪಾದಭಾಗದಲ್ಲಿ ಜಿರಾಫೆ ಎಂದೂ ಚೀನದ ಡ್ರ್ಯಾಗನ್ ಎಂದೂ ಗುರುತಿಸುವ ಕೆತ್ತನೆಗಳಿವೆ, ಬಂದವರಿಗೆಲ್ಲ ತೋರಿಸುತ್ತಾರೆ. ಕಡಲ ವ್ಯಾಪಾರದಲ್ಲಿ ದೂರದೇಶದ ಚಿತ್ರಗಳೂ ಸುದ್ದಿಗಳೂ ಬಂದಿದ್ದಕ್ಕೆ ಅದು ಗುರುತಾಗಬಹುದು. ಒಂದು ಕೆತ್ತನೆ ಹಡಗಿನಲ್ಲಿ ಬಂದಿತೆಂದು ಮಾಡೂ ಹಡಗಿನಲ್ಲಿ ಬಂದಿತೆಂದು ಹೇಳುವಂತಿಲ್ಲ.

ಮೂರನೆಯ ಕರಡಿಗೆ ಮುನ್ನ ಭಟ್ಕಳಕ್ಕೂ ಕಾರ್ಕಳಕ್ಕೂ ಹೋಗಿ ಬಂದೆ. ಕಾರ್ಕಳದ ಚತುರ್ಮುಖ ಬಸದಿ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು, ಬಂಡೆಯ ಮೇಲೆ ಬರೀ ಕಲ್ಲಿನಿಂದ ನಿಂತದ್ದು. ಅಲ್ಲಿ ಮೇಲೆ ಮರದ ಅಂತಸ್ತಿಲ್ಲ ಎಂಬುದು ನನ್ನ ಹೋಲಿಕೆಗೆ ಉಪಯೋಗಕ್ಕೆ ಬಂದಿತು. ಆದರೆ ಹೆಚ್ಚು ಹೊತ್ತು ನಿಂತದ್ದು ಭಟ್ಕಳದ 16ನೆಯ ಶತಮಾನದ ಖೇತಪೈ ನಾರಾಯಣ ದೇವಸ್ಥಾನದ ಎದುರಿಗೆ. ಅಲ್ಲಿ ಕಂಬಗಳ ನಡುವೆ ಗೋಡೆಯ ಬದಲು ಕಲ್ಲಿನ ಅಡ್ಡಪಟ್ಟಿಗಳ ತಡಿಕೆ ಇದೆ. ಗಾಳಿ ಒಳಗೆ ಬರಬೇಕು, ಎರಚಲು ಬರಬಾರದು ಎಂದು ನಮ್ಮ ಕಡೆ ಮರದ ಪಟ್ಟಿ ಹೊಡೆಯುವ ಕ್ರಮವೇ ಅದು, ಕಲ್ಲಿನಲ್ಲಿ. ಕಲ್ಲನ್ನು ಅಷ್ಟು ತೆಳುವಾಗಿ ಸೀಳಿ ಸಾಲಾಗಿ ಕೂರಿಸುವುದು ಕಲ್ಲಿನ ಸ್ವಭಾವಕ್ಕೆ ಒಗ್ಗಿದ ಕೆಲಸವಲ್ಲ. ಬಡಗಿಯ ಕೆಲಸವನ್ನು ನೋಡಿ ಬೆಳೆದ ಕೈ ಮಾತ್ರ ಹಾಗೆ ಯೋಚಿಸಲು ಸಾಧ್ಯ. ನನ್ನ ವಾದ ಕೊನೆಗೆ ನಿಂತದ್ದು ಇಲ್ಲಿ. ಓರೆ ಮಾಡೂ ತಡಿಕೆಯೂ ಬಡಗಿಗಳ ಅಭ್ಯಾಸದಿಂದ ಬಂದ ರೂಪಗಳಾಗಿರಬೇಕು; ಘಟ್ಟದ ಮೇಲಿನ ಒಣನಾಡಿನಲ್ಲಿ ಆ ಅಭ್ಯಾಸವನ್ನು ಬಿಟ್ಟುಕೊಡಲು ಸಾಧ್ಯವಿತ್ತು, ಬಿಟ್ಟುಕೊಟ್ಟರು, ಗುಡಿಗಳು ಶಿಖರದ ಕಡೆಗೆ ಬೆಳೆದವು; ಕರಾವಳಿಯಲ್ಲಿ ಮಳೆ ಅದನ್ನು ಬಿಡಗೊಡಲಿಲ್ಲ. ಮಳೆ ಈ ರೂಪವನ್ನು ಹುಟ್ಟಿಸಿತು ಎಂದು ಈಗ ನಾನು ಬರೆಯುವುದಿಲ್ಲ, ಉಳಿಸಿತು ಎಂದು ಬರೆಯುತ್ತೇನೆ.

ಮೂರನೆಯ ಕರಡಿನಲ್ಲಿ ಕ್ರಿಯಾಪದಗಳಿಗೇ ಹೆಚ್ಚು ಸಮಯ ಹೋಯಿತು. ನಾನು ನೋಡಿದ್ದಕ್ಕೆ ‘ಕಂಡಿತು’, ಯಾವ ದಿನ, ಯಾವ ಬದಿಯ ಜಗಲಿ, ಗಾಳಿ ಇತ್ತೇ ಇಲ್ಲವೇ ಎಂಬ ವಿವರದೊಂದಿಗೆ. ಓದಿದ್ದಕ್ಕೆ ಹೇಳಿದವರ ಹೆಸರು ಮತ್ತು ಅವರೇ ಬಳಸಿದಷ್ಟು ಖಚಿತತೆ, ಅದಕ್ಕಿಂತ ಹೆಚ್ಚಲ್ಲ. ನಾನು ಊಹಿಸಿದ್ದಕ್ಕೆ ‘ಆಗಿರಬೇಕು’ ಅಥವಾ ‘ತೋರುತ್ತದೆ’. ‘ಬೆವರುತ್ತದೆ’ ಎಂಬ ಇಂದ್ರರ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ; ಕಲ್ಲಿನ ಸಂದಿಯ ಆ ಸ್ಥಿತಿಗೆ ಅದಕ್ಕಿಂತ ಸರಿಯಾದ ಪದ ನನಗೆ ಯಾವ ಗ್ರಂಥದಲ್ಲಿಯೂ ಸಿಕ್ಕಲಿಲ್ಲ. ಫರ್ಗುಸನ್‌ಗೆ ಮೊದಲ ಕರಡಿನಲ್ಲಿ ಕೊಟ್ಟದ್ದಕ್ಕಿಂತ ಈಗ ಹೆಚ್ಚು ಜಾಗ ಕೊಟ್ಟಿದ್ದೇನೆ. ಆತನ ತೀರ್ಮಾನವನ್ನು ಅಲ್ಲಗಳೆಯುವುದು ಸುಲಭ, ನೂರು ವರ್ಷಗಳಿಂದ ಎಲ್ಲರೂ ಮಾಡಿದ್ದಾರೆ. ಆ ಕಂಬಗಳು ಮೂಲೆ ಕೆತ್ತಿದ ದಿಮ್ಮಿಗಳು ಎಂದು ಮೊದಲು ಕಂಡ ಕಣ್ಣಿಗೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಐಹೊಳೆಯ ಪ್ರಶ್ನೆಯನ್ನು ಪ್ರಬಂಧದಲ್ಲಿ ಪೂರ್ತಿ ಬಿಡಿಸಲು ನನಗೆ ಆಗಿಲ್ಲ. ಲಾಡ್‌ಖಾನ್ ಗುಡಿಯ ಸಂದಿಯ ಮೇಲಿನ ಕಲ್ಲುಪಟ್ಟಿಗಳು ನೀರನ್ನು ನಿಜವಾಗಿ ತಡೆಯುತ್ತವೆಯೇ, ಅಥವಾ ಮರದ ಮಾಡಿನ ನೆನಪಾಗಿ ಅಲ್ಲಿ ಉಳಿದಿವೆಯೇ ಎಂಬುದನ್ನು ಒಣಹವೆಯಲ್ಲಿ ಕೆಳಗೆ ನಿಂತು ಹೇಳಲು ಬರುವುದಿಲ್ಲ. ಆ ಕಡೆ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಬಾಗಲಕೋಟೆಯ ಸಹೋದ್ಯೋಗಿ ತಮ್ಮ ಮನೆಯಲ್ಲಿ ಉಳಿದುಕೊಳ್ಳಲು ಹೇಳಿದ್ದಾರೆ. ಮೋಡ ಕಟ್ಟಿದ ದಿನ ಅವರೇ ಫೋನ್ ಮಾಡುತ್ತಾರೆ. ಹೊಸ ನೋಟ್‌ಪುಸ್ತಕದ ಬಲಪುಟದಲ್ಲಿ ಕಸೆನ್ಸ್ ಬರೆದದ್ದನ್ನು ಈಗಾಗಲೇ ತುಂಬಿಸಿದ್ದೇನೆ. ಎಡಪುಟದ ಮೇಲ್ಗಡೆ ‘ಐಹೊಳೆ, ಮಂಟಪದ ಒಳಗೆ’ ಎಂದಷ್ಟೇ ಬರೆದು, ದಿನಾಂಕದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.